ನಮ್ಮ ಮಾವ ಹಿಡಿದ ಚೀನಾ ನದಿ

ನಮ್ಮ ಸೋದರಮಾವ ಮತ್ತೆ ಸ್ಟೇಜ್ ಹತ್ತುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಹೇಳಿದವರು ಚನ್ನರಾಯಪಟ್ಟಣದ ನಾಟಕದ ಮೇಷ್ಟ್ರು. ಅವನು ಇನ್ನೊಂದು ಸಲ ಬಣ್ಣ ಹಚ್ಚಿದರೆ ತಾವು ಮೀಸೆ ಬೋಳಿಸಿಕೊಳ್ಳುವುದಾಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಾರಿದ್ದರು. ಅದೇನು ಸಾಮಾನ್ಯ ಮೀಸೆಯೆ? ಎರಡು ತುದಿಗೂ ಒಂದೊಂದು ನಿಂಬೆಹಣ್ಣು ನಿಲ್ಲಿಸಬಹುದಿತ್ತು! ಅಂಥದ್ದನ್ನೇ ಪಣಕ್ಕಿಟ್ಟರೆಂದರೆ ಮಾವನ ಮೇಲೆ ಅವರಿಗೆ ಎಷ್ಟು ನಂಬಿಕೆ ಇದ್ದಿರಬೇಕು!

ಹೊಳೆನರಸೀಪುರದ ಪಕ್ಕ, ಹೊಳೆ ದಂಡೆಯ ಗದ್ದೆ ಬದುವಿನಲ್ಲಿ ಎಮ್ಮೆ ಮೇಯಿಸುತ್ತ ಮಾವ ಇಡೀ ನಾಟಕ ಒಪ್ಪಿಸುತ್ತಿದ್ದ. ರಾಜ, ರಾಣಿ, ಮಂತ್ರಿ, ಕೊನೆಗೆ ಬಾಗಿಲು ಕಾಯುವವನ ಕೆಮ್ಮು ಕೂಡ ಬಾಯಿಪಾಠ. ಒಂದಕ್ಷರ ತಪ್ಪುತ್ತಿರಲಿಲ್ಲ. ತಪ್ಪಿದ್ದರೆ ಎಮ್ಮೆಗಳೇ ತಿದ್ದುತ್ತಿದ್ದವೋ ಏನೋ, ಅಷ್ಟು ಸಲ ಕೇಳಿದ್ದವು.

ಎಮ್ಮೆ ಬೇರೆ, ಜನ ಬೇರೆ. ಚನ್ನರಾಯಪಟ್ಟಣದಲ್ಲಿ ರಾಜನ ಪಾರ್ಟು ಸಿಕ್ಕಿತು. ಪರದೆ ಎದ್ದಿತು, ಜನ ಕಂಡರು, ಮಾತು ಹೋಯಿತು. ನಮ್ಮ ಕಡೆ ಪಾರ್ಟು ಮಾಡುವವನಿಗೆ ಮನೆಯವರು ನಡು ನಾಟಕದಲ್ಲೇ ಸ್ಟೇಜ್ ಹತ್ತಿ ಹಾರ ಹಾಕಬೇಕು. ಅಷ್ಟು ಹೊತ್ತು ಯುದ್ಧವಾದರೂ ನಿಲ್ಲುತ್ತದೆ. ಸತ್ತು ಬಿದ್ದವನೂ ಎದ್ದು ಕತ್ತು ಕೊಡುತ್ತಾನೆ. ಮಾವನ ಅವ್ವ, ಅಂದರೆ ನಮ್ಮಜ್ಜಿ, ಹಾರ ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಮಾವ ಸ್ಟೇಜಿನಿಂದ ಇಳಿದು, ಅವಳ ಮುಂದೆಯೇ ಹಾದು, ನೆಟ್ಟಗೆ ಹೋಗಿ ಬಸ್ ಹತ್ತಿದ. ಕಿರೀಟ ತಲೆ ಮೇಲೇ ಇತ್ತು. ಕಂಡಕ್ಟರು ಚೀಟಿ ಹರಿಯುತ್ತ, "ಮಾರಾಜ್ರು ಎಲ್ಲಿಗೆ?" ಅಂದನಂತೆ.

ಆ ಕಿರೀಟ ನಮ್ಮ ಅಟ್ಟ ಸೇರಿತು. ಅವನೇ ತಂದು ಕೊಡಲಿ ಎಂದು ಮೇಷ್ಟ್ರ ಹಟ. ಯಾವ ಮುಖ ಹೊತ್ತು ಕೊಡಲಿ ಎಂದು ಮಾವನ ನಾಚಿಕೆ. ಚನ್ನರಾಯಪಟ್ಟಣದ ಬೋರ್ಡು ಹಾಕಿದ ಬಸ್ಸು ಬಂದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ, ಬಸ್ಸಿಗೂ ವಿಷಯ ಗೊತ್ತಿದೆಯೇನೋ ಎಂಬಂತೆ! ಅರಕಲಗೂಡಿಗೆ ಹೆಣ್ಣು ನೋಡಲು ಹೋದಾಗ, ಕಿರೀಟ ತಂದಿಲ್ಲವಾ ಎಂದು ಒಳಗಿಂದ ಯಾರೋ ಕೇಳಿದರಂತೆ. ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದ. ಮದುವೆಯ ಮಾತು ಅಲ್ಲಿಗೇ ನಿಂತಿತು.

ಹೀಗಿರುವಾಗ ನಾನು ಹಾಸನದಲ್ಲಿ ಬಿ.ಎ.ಗೆ ಸೇರಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ತುಳಿದವನು ನಾನೇ ಮೊದಲು; ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನನ್ನ ರೂಮಿಗೆ ವಾರವಾರ ರಾಗಿಹಿಟ್ಟು ಹೊತ್ತು ತರುತ್ತಿದ್ದವನು ಮಾವ. ಚೀನಾದವರು ಆಗಿನ್ನೂ ನಮಗೆ ಅಣ್ಣತಮ್ಮಂದಿರು. ನಮ್ಮ ಇಂಗ್ಲಿಷ್ ಮೇಷ್ಟ್ರು ಜಿಲ್ಲೆಯ ನಾಟಕ ಸ್ಪರ್ಧೆಗೆಂದು ಒಂದು ಹಳೇ ಚೀನೀ ನಾಟಕವನ್ನು ಕನ್ನಡಕ್ಕೆ ತಂದರು. ಸುಳ್ಳು ಆಪಾದನೆಗೆ ಸಿಕ್ಕ ಮಗನನ್ನು ಬಿಡಿಸಲು ತಾಯೊಬ್ಬಳು ನದಿ ದಾಟಿ ರಾಜಧಾನಿಗೆ ಹೋಗುವ ಕಥೆ. ಆಡಿಸುವುದು ಮಾತ್ರ ಹೊಚ್ಚಹೊಸ ರೀತಿ. ಪರದೆ ಇಲ್ಲ, ಸೀನರಿ ಇಲ್ಲ. ಮೇಜೇ ಬೆಟ್ಟ, ಕೋಲೇ ಕುದುರೆ, ನೀಲಿ ಬಟ್ಟೆಯೇ ನದಿ. ಇವನ್ನೆಲ್ಲ ತಂದಿಡಲು ಮೈತುಂಬ ಕಪ್ಪು ಬಟ್ಟೆ, ಮುಖಕ್ಕೆ ಕಪ್ಪು ಮುಸುಕು ಹಾಕಿದ ಒಬ್ಬ. ಅವನು ಎಲ್ಲರ ಎದುರಿಗೇ ಓಡಾಡಿದರೂ ಅಲ್ಲಿ ಇಲ್ಲ ಎಂದು ತಿಳಿಯಬೇಕು!

ಹಿಟ್ಟಿನ ಚೀಲ ಇಳಿಸಿ ಪ್ರಾಕ್ಟೀಸು ನೋಡುತ್ತಿದ್ದ ಮಾವ ಸೀನರಿ ಎಲ್ಲಿ ಅಂದ. ನೋಡುವವರ ತಲೆಯೊಳಗೆ ಎಂದರು ಮೇಷ್ಟ್ರು.

"ನಮ್ಮೋರ ತಲೇಲಿ ಅಷ್ಟೊಂದು ಜಾಗ ಐತಾ, ಸಾ?"

ಸ್ಪರ್ಧೆಗೆ ಮೂರು ದಿನ ಇರುವಾಗ ಕಪ್ಪು ಬಟ್ಟೆಯ ಹುಡುಗ ಜ್ವರ ಬಂದು ಮಲಗಿದ. ಮೇಷ್ಟ್ರು ಮಾವನನ್ನು ನೋಡಿದರು. ಒಂದು ಮಾತೂ ಇಲ್ಲವಾ ಎಂದು ಮಾವ ಮೂರು ಸಲ ಕೇಳಿ, ನಾಲ್ಕನೆಯ ಸಲಕ್ಕೆ ಒಪ್ಪಿದ. ಮಾವ ಪಾರ್ಟು ಮಾಡುತ್ತಾನೆಂದು ನಾನು ಊರಿಗೆ ಹೇಳಿ ಕಳಿಸಿದೆ. ಅದು ಕಾಣಬಾರದ ಪಾರ್ಟು ಎಂದು ಹೇಳಲು ಮರೆತೆ. ಬಿ.ಎ. ಓದುವವನ ಬುದ್ಧಿ ನೋಡಿ!

ಆ ಸಂಜೆ ಮುಂದಿನ ಸಾಲಿನಲ್ಲಿ ಅಜ್ಜಿ. ಎರಡು ಸಾಲು ಹಿಂದೆ, ಸುದ್ದಿ ತಿಳಿದು ಚನ್ನರಾಯಪಟ್ಟಣದಿಂದ ಬಂದಿದ್ದ ಆ ಮೀಸೆ. ನದಿಯ ದೃಶ್ಯ ಬಂತು. ಬಟ್ಟೆಯ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಮಾವನ ಕೈಗೆ. ಮೀಸೆ ಕಂಡಿತೋ ಏನೋ, ಕೈ ಗಡಗಡ ನಡುಗತೊಡಗಿತು. ನದಿ ಎಷ್ಟು ಚೆನ್ನಾಗಿ ಉಕ್ಕಿತೆಂದರೆ, ಅಂಬಿಗನಾಗಿದ್ದ ನನಗೇ ಭಯವಾಯಿತು!

ಆಗ ಅಜ್ಜಿ ಎದ್ದಳು. ಹಾರ ಹಿಡಿದು ಸ್ಟೇಜ್ ಹತ್ತಿದಳು. ಮುಸುಕು ಹಾಕಿದ್ದರೇನು, ಹೆತ್ತವಳಿಗೆ ಮಗನ ಪಾದ ಗೊತ್ತಾಗದೆ? ಚೀನಾದ ನದಿಯನ್ನು ಅಡ್ಡ ದಾಟಿಕೊಂಡು ಅವಳು ಬರುವುದನ್ನು ಕಂಡು ಮಾವ ಮುಸುಕನ್ನು ಮೆಟ್ಟಿಲ ಕಡೆ ತಿರುಗಿಸಿದ. ಅದರ ಅರ್ಥ ನನಗೆ ಗೊತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಹೊಳೆನರಸೀಪುರದ ಬಸ್ಸು!

ಅಜ್ಜಿ ಹಾರ ಹಾಕಿ ಮೆಲ್ಲಗೆ ಹೇಳಿದಳು: "ನಿಂತ್ಕಳ್ಲಾ. ಓಗ್ಬ್ಯಾಡ."

ಮಾವ ನಿಂತ. ಕೈಯ ನಡುಕ ತಾನಾಗಿ ನಿಂತಿತು. ಈಗ ಬೇಕೆಂದೇ ಅಲೆ ಎಬ್ಬಿಸಿದ. ಕತ್ತಿನಲ್ಲಿ ಹಾರ, ಕೈಯಲ್ಲಿ ನದಿ. ನಾನು ಹುಟ್ಟು ಹಾಕಿ ದೋಣಿ ಮುಂದಕ್ಕೆ ನಡೆಸಿದೆ.

ಮೈಸೂರಿನಿಂದ ಬಂದ ತೀರ್ಪುಗಾರರು ಕನ್ನಡಕ ಒರೆಸಿಕೊಂಡು ಹೇಳಿದರು: ನಡು ನಾಟಕದಲ್ಲಿ ಹಳ್ಳಿಯ ಮುದುಕಿಯೊಬ್ಬಳಿಂದ ನದಿಗೆ ಪೂಜೆ ಮಾಡಿಸಿದ್ದು ಇದುವರೆಗೆ ಯಾರಿಗೂ ಹೊಳೆಯದ ಪ್ರಯೋಗವಂತೆ! ನಮ್ಮ ಮೇಷ್ಟ್ರು ಗಂಭೀರವಾಗಿ ತಲೆದೂಗಿದರು. ಮೀಸೆಯವರು ಮಾತ್ರ, ಮುಸುಕಿನೊಳಗೆ ಬಣ್ಣ ಇರಲಿಲ್ಲವಾದ್ದರಿಂದ ತಮ್ಮ ಮೀಸೆಗೆ ಅಪಾಯವಿಲ್ಲ ಎಂದು ವಾದಿಸಿ, ಮಾವನ ಬೆನ್ನು ತಟ್ಟಿ ಹೋದರು.

ನಮ್ಮೆಲ್ಲರ ಹೆಸರಿನ ಕೆಳಗೆ ಮಾವನ ಹೆಸರನ್ನೂ ಬರೆದು ಸರ್ಟಿಫಿಕೇಟನ್ನು ಅವನ ಕೈಗೇ ಕೊಟ್ಟರು. ಅವನು ಅದನ್ನು ಅವ್ವನ ಕೈಗಿಟ್ಟ. ಇದರಲ್ಲಿ ಅವನ ಹೆಸರು ಯಾವುದು ಎಂದು ಅಜ್ಜಿ ನನ್ನನ್ನು ಕೇಳಿದಳು. ತೋರಿಸಿದೆ. ಮುಂದೆ ನನಗೂ ಡಿಗ್ರಿ ಸರ್ಟಿಫಿಕೇಟು ಬಂತು. ಆದರೆ ನಾನು ಓದಿದ್ದು ದಂಡವಾಗಲಿಲ್ಲ ಅನ್ನಿಸಿದ್ದು ಆ ಸಂಜೆಯೇ. ಅಜ್ಜಿ ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಮಗನ ಹಾರ ಸರಿಮಾಡಿ ಹೇಳಿದಳು:

"ನಾಳಿಕೆ ಓಗಿ ಆ ಕಿರೀಟ ಕೊಟ್ಬುಟ್ಟು ಬಾ, ಮಗ. ನಾನೂ ಬತ್ತೀನಿ."