ದೀರ್ಘಬಾಹುವಿನ ಸಂಬಳವೂ ಮುದ್ದಯ್ಯನ ದೋಣಿಯೂ

ಬಹಳ ಹಿಂದೆ, ಅಂದರೆ ಪತ್ರಿಕೆಗಳಿಗೆ ಕ್ರೀಡಾಪುಟ ಹುಟ್ಟುವುದಕ್ಕೂ ಮೊದಲು, ಉತ್ತುಂಗಪುರಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜಕ್ರೀಡೆ ಬ್ಯಾಸ್ಕೆಟ್‌ಬಾಲ್. ಅರಮನೆಯ ತಂಡದ ಮುಕುಟಮಣಿ, ಏಳಡಿ ಎತ್ತರದ ದೀರ್ಘಬಾಹು, ಮೂರು ವರ್ಷದಿಂದ ಕಾಲಿಗೆ ಪಟ್ಟಿ ಸುತ್ತಿಕೊಂಡು ಬೆಂಚಿನ ಮೇಲೆ ಕುಳಿತಿದ್ದ. ಸಂಬಳ ವರ್ಷಕ್ಕೆ ಲಕ್ಷ ವರಹ.

ಹೊಳೆದಂಡೆಯ ಕಟ್ಟೆಯಲ್ಲಿ ಸಂಜೆಯಾದರೆ ಇದೇ ಚರ್ಚೆ. ಕುಳ್ಳ ಅಂಬಿಗ ಮುದ್ದಯ್ಯನಿಗಂತೂ ಹೊಟ್ಟೆಯೇ ಉರಿಯುತ್ತಿತ್ತು. ಅವನ ದೋಣಿಯ ತಳ ಕೊಳೆತಿತ್ತು. ಅವನು ಹುಟ್ಟು ಹಾಕುವಾಗ ಹತ್ತಿದವರು ನೀರು ಮೊಗೆದು ಚೆಲ್ಲಬೇಕು. ಹೊಸ ಹಲಗೆಗೆ ಕೊಟ್ಟ ಅರ್ಜಿ ಅರಮನೆಯಲ್ಲಿ ಪರಿಶೀಲನೆಯ ಹಂತದಲ್ಲಿತ್ತು. ಆ ದೋಣಿ ಹೋದರೆ ಊರವರು ಆಚೆ ದಡದ ಸಂತೆಗೆ ನೀರಲ್ಲೇ ನಡೆಯಬೇಕು, ಅವನ ಅನ್ನವೂ ಹೋಯಿತು.

"ಕೂತ್ಕೊಳ್ಳೋಕೆ ಲಕ್ಷ ವರಹವಾ?" ಎಂದ ಬಳೆ ಮಾರುವ ಕೆಂಪಶೆಟ್ಟಿ. "ನಮ್ಮತ್ತೆ ನಲವತ್ತು ವರ್ಷದಿಂದ ಬಿಟ್ಟಿ ಕೂತವ್ರೆ."

"ಆಡಿದ್ರೆ ಎಂಥಾ ಆಟ ಅಂತೀಯ!" ಎಂದ ದರ್ಜಿ ಇಮಾಮಣ್ಣ. ದೀರ್ಘಬಾಹುವಿನ ಚಡ್ಡಿ ಹೊಲಿಯುವವನು ಅವನೇ.

"ಅವನ ಹೆಬ್ಬೆಟ್ಟಿನ ಸಂಬಳ ಕೊಟ್ರೂ ನನ್ನ ದೋಣಿಗೆ ತಳ ಬತ್ತದೆ ಕಣಣ್ಣ," ಎಂದು ಮುದ್ದಯ್ಯ ನಿಟ್ಟುಸಿರುಬಿಟ್ಟ.

ಗೂಢಚಾರರು ಈ ಮಾತನ್ನು ಅರಮನೆಗೆ ಮುಟ್ಟಿಸಿದರು. ಉತ್ತುಂಗಪುರಿಯಲ್ಲಿ ಒಂದು ಸಂಪ್ರದಾಯವಿತ್ತು. ಅರಮನೆಯವರು ಯಾರಿಗಾದರೂ ಕಟ್ಟಿದ ಬೆಲೆಯನ್ನು ಪ್ರಜೆಗಳು ಅನುಮಾನಿಸಿದರೆ, ಆ ಬೆಲೆಯನ್ನು ಕೂಡಲೇ ಇಮ್ಮಡಿಗೊಳಿಸುವುದು. ಮಹಾರಾಜರ ಆಯ್ಕೆ ತಪ್ಪಾಗಿರುವುದು ಸಾಧ್ಯವಿಲ್ಲವಲ್ಲ, ಸಂಬಳವೇ ಕಡಿಮೆಯಾಗಿರಬೇಕು! ಕಡತಗಳಲ್ಲಿ ಇದನ್ನು 'ವಿಶ್ವಾಸವರ್ಧನ ಪ್ಯಾಕೇಜ್' ಎಂದು ಕರೆಯುತ್ತಿದ್ದರು. ಮರುದಿನ ಡಂಗುರ ಸಾರಿದರು: ದೀರ್ಘಬಾಹುವಿಗೆ ಎರಡು ಲಕ್ಷ. ಕಟ್ಟೆಯಲ್ಲಿ ಎಲ್ಲರೂ ಬಾಯಿಗೆ ಬಂದಂತೆ ಬೈದರು. ಅದರ ಮರುದಿನ ನಾಲ್ಕು ಲಕ್ಷವಾಯಿತು.

ಮುದ್ದಯ್ಯನ ತಲೆ ಚುರುಕಾಯಿತು. ಬೈದರೆ ಏರುವುದಾದರೆ ತನ್ನನ್ನು ತಾನೇ ಬೈದುಕೊಂಡರಾಯಿತು! ತೊಳೆದ ಪಂಚೆ ಉಟ್ಟು ನೇರ ಆಸ್ಥಾನಕ್ಕೆ ನಡೆದ.

"ಸ್ವಾಮಿ, ಈ ಊರ ಅಂಬಿಗನಿಗೆ ಅರಮನೆ ಕೊಡೋ ಹತ್ತು ವರಹ ಸಂಬಳ ದಂಡ. ಕೊಳೆತ ದೋಣಿ ಇಟ್ಕೊಂಡು ಮೆರೀತಾವ್ನೆ. ಅವನಷ್ಟು ಸೋಂಬೇರಿ ಇನ್ನೊಬ್ಬ ಇಲ್ಲ."

ಉತ್ತುಂಗವರ್ಮ ಮಹಾರಾಜರು ಮಂತ್ರಿ ಸಮರ್ಥನಾಚಾರ್ಯರ ಕಡೆ ನೋಡಿದರು. ರೂಢಿಯಂತೆ ಇಪ್ಪತ್ತಾಗಬೇಕು.

"ಎಲೈ ಪ್ರಜೆಯೇ, ಆ ಅಂಬಿಗನನ್ನು ನೇಮಿಸಿದವರು ಯಾರು?" ಎಂದರು ಆಚಾರ್ಯರು.

"ನಮ್ಮಪ್ಪ ಬುದ್ಧಿ. ಅವರನ್ನ ನಮ್ಮ ತಾತ."

"ಪ್ರಭೂ, ಹಾಗಾದರೆ ಇದು ಅರಮನೆಯ ಆಯ್ಕೆಯಲ್ಲ! ಪ್ಯಾಕೇಜಿಗೆ ಅನರ್ಹ. ಅಲ್ಲದೆ ಇಂಥ ತಪ್ಪೊಪ್ಪಿಗೆಯನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ತಮ್ಮ ಆಳ್ವಿಕೆಯಲ್ಲಿ ಅಂಬಿಗರೂ ಸತ್ಯ ನುಡಿಯುತ್ತಾರೆ!"

ಮಹಾರಾಜರ ಕಣ್ಣು ತುಂಬಿ ಬಂತು. ಅಂಬಿಗನ ಹುದ್ದೆ ರದ್ದಾಯಿತು. ದೋಣಿಯನ್ನು ಒಡೆದು, ಕೊಳೆಯದೆ ಉಳಿದ ಹಲಗೆಗಳಿಂದ ದೀರ್ಘಬಾಹುವಿನ ಬೆಂಚಿಗೆ ಬೆನ್ನೊರಗು ಮಾಡಿಸಬೇಕೆಂದು ಅಪ್ಪಣೆಯಾಯಿತು. ಮುದ್ದಯ್ಯನಿಗೆ 'ಪ್ರಾಮಾಣಿಕ ಪ್ರಜೆ' ಪ್ರಮಾಣಪತ್ರ ಸಿಕ್ಕಿತು. ದೋಣಿಯಿಲ್ಲದ ಹೊಳೆಯನ್ನು ನಡೆದೇ ದಾಟುವವರಿಗೆ ಜಲಸಂಚಾರ ಸುಂಕ ಬಿತ್ತು.

ಮುಂದಿನ ಸಂತೆಯ ದಿನ ಮೂವರು ಗೆಳೆಯರೂ ನೀರಿಗಿಳಿದರು. ಕೆಂಪಶೆಟ್ಟಿಯ ತಲೆಯ ಮೇಲೆ ಬಳೆಯ ಮಲಾರ, ಇಮಾಮಣ್ಣನ ತಲೆಯ ಮೇಲೆ ಬಟ್ಟೆಗಂಟು, ಮುದ್ದಯ್ಯನ ತಲೆಯ ಮೇಲೆ ಪ್ರಮಾಣಪತ್ರ. ನಡುಹೊಳೆಯಲ್ಲಿ ಕೆಂಪಶೆಟ್ಟಿ ತಡೆಯಲಾರದೆ, "ಅಲ್ಲ ಕಣ್ರೋ, ಆ ದೀರ್ಘಬಾಹುಗೆ ಅಷ್ಟೊಂದು..." ಎಂದು ಶುರುಮಾಡಿದ.

ಮುದ್ದಯ್ಯ ನೀರಿನಿಂದ ಕೈ ಎತ್ತಿ ಅವನ ಬಾಯಿ ಮುಚ್ಚಿದ. "ಸುಮ್ನಿರೋ ಮಾರಾಯ! ಇನ್ನೊಂದು ಮಾತಾಡಿದ್ರೆ ಹೊಳೇನೂ ಅವನ ಹೆಸರಿಗೇ ಬರೀತಾರೆ."

ಆಚೆ ದಡದಲ್ಲಿ ಸುಂಕದವನು ದರಪಟ್ಟಿ ಹಿಡಿದು ಕೂಗುತ್ತಿದ್ದ: "ಎದೆಮಟ್ಟ ನೆನೆದವರು ಎರಡು ಕಾಸು, ಕುತ್ತಿಗೆಮಟ್ಟ ನೆನೆದವರು ನಾಲ್ಕು!"

ಎತ್ತರದ ಗೆಳೆಯರಿಬ್ಬರೂ ಎರಡೆರಡು ಕಾಸು ಕೊಟ್ಟರು. ಕುಳ್ಳ ಮುದ್ದಯ್ಯ ನಾಲ್ಕು ಕಾಸು ಎಣಿಸಿಕೊಟ್ಟ.