ಆಷಾಢದಲ್ಲಿ ಬಾಗಿಲು ಮುಚ್ಚಿದ ನಾಲ್ಕು ವೆಬ್‌ಸೈಟು

1987ರಲ್ಲಿ, ಎಂಟನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಆಮೇಲೆ ಹುಣಸೂರಿನ ಅರ್ಧ ಅಂಗಡಿಗಳ ಬೋರ್ಡು ಬರೆದವನು ನಾನೇ. ಪ್ಲಾಸ್ಟಿಕ್ ಬ್ಯಾನರು ಬಂದು ಕುಂಚ ಒಣಗತೊಡಗಿದಾಗ, ಬ್ರೌಸಿಂಗ್ ಸೆಂಟರಿನಲ್ಲಿ ವರ್ಷವಿಡೀ ಕೂತು ವೆಬ್‌ಸೈಟು ಮಾಡಲು ಕಲಿತೆ. ಬೋರ್ಡೇ ತಾನೆ, ಗೋಡೆ ಬೇರೆ!

ಗಿರಾಕಿಗಳಿಗೆ ತೋರಿಸಲು ನಾಲ್ಕು ಮಾದರಿ ಮಾಡಿದೆ: ಬೇಕರಿ, ರೈಸ್ ಮಿಲ್ಲು, ಲಾಡ್ಜು, ಕಲ್ಯಾಣ ಮಂಟಪ. ಇಡುವುದೆಲ್ಲಿ? ಸೆಂಟರಿನ ಮಾಲೀಕ ನಂಜುಂಡ ಹೇಳಿದ: "ಮೈಸೂರ್ ಕಂಪ್ನೀಲಿ ನೆಟ್ಟಿನ್ ಜಾಗ ಬಾಡ್ಗೆಗ್ ಸಿಕ್ತದೆ ಕಣಣ್ಣ. ಒಂದೇ ಹೆಸ್ರಲ್ಲಿ ನಾಕನ್ನೂ ಮಡಗ್ಬೋದು. ಪುಕ್ಕಟೆ ಜಾಗ್ವೂ ಅವೆ, ನಂಬ್ಕೋಬ್ಯಾಡ."

"ಒಂದೇ ಮನೇಲಿ ನಾಕ್ ಸಂಸಾರ ಇಟ್ರೆ ಜಗ್ಳ ಕಣ್ಲಾ" ಎಂದು ಪುಕ್ಕಟೆಯಾಗಿ ನಾಲ್ಕು ಬೇರೆ ಬೇರೆ ಜಾಗ ಹಿಡಿದೆ. ಷರತ್ತುಗಳು ಇಂಗ್ಲಿಷಿನಲ್ಲಿದ್ದವು. ಓದಲು ಬರಲಿಲ್ಲವೆಂದಲ್ಲ, ಅಡಿಯೆತ್ತರದ ಅಕ್ಷರ ಬರೆದವನ ಕಣ್ಣಿಗೆ ಇರುವೆ ಸಾಲು ಕಾಣುವುದೇ?

ಎರಡೇ ದಿನಕ್ಕೆ ಆಷಾಢ ಹಿಡಿಯಿತು. ಪಿರಿಯಾಪಟ್ಟಣದ ಕಲ್ಯಾಣ ಮಂಟಪವೊಂದರ ಯಜಮಾನರ ಫೋನು ಬಂತು: "ಈ ತಿಂಗ್ಳು ಮದ್ವೆ ಇಲ್ಲ, ಬುಡುವಾಗಿವ್ನಿ. ನಿನ್ ಕೆಲ್ಸ ತೋರ್ಸಯ್ಯ. ಮನ್ಸಿಗ್ ಇಡಿಸ್ದ್ರೆ ನಮ್ದೂ ನೀನೇ ಮಾಡು."

ನನ್ನ ಮೊದಲ ಗಿರಾಕಿ! ಇವರು ಒಪ್ಪಿದರೆ ಈ ವಯಸ್ಸಿನಲ್ಲಿ ಏಣಿ ಹತ್ತುವುದು ತಪ್ಪುತ್ತಿತ್ತು.

"ಆಷಾಢದಲ್ಲಿ ಹೊಸ ಮನೆ ಬಾಗ್ಲು ತೆಗೀತಾರಾ ಯಜಮಾನ್ರೇ? ಶ್ರಾವಣ ಬರ್ಲಿ" ಎಂದೆ.

ಅಷ್ಟಕ್ಕೇ ಬಿಡಲಿಲ್ಲ. ಸೈಟುಗಳನ್ನು ನಾನೂ ತೆರೆಯಲಿಲ್ಲ, ತೆರೆಯುವುದಿಲ್ಲವೆಂದು ನಂಜುಂಡನಿಂದಲೂ ಆಣೆ ಮಾಡಿಸಿದೆ. ತಿಂಗಳಿಡೀ ಒಂದು ನರಪಿಳ್ಳೆಯೂ ಅತ್ತ ಸುಳಿಯದಂತೆ ಕಾದೆ! ಏಣಿಯನ್ನು ಭಾವಮೈದುನನಿಗೆ ಕೊಟ್ಟೂಬಿಟ್ಟೆ.

ಶ್ರಾವಣದ ಮೊದಲ ಶುಕ್ರವಾರ ಯಜಮಾನರು ಸೆಂಟರಿಗೆ ಬಂದರು. ಕಂಪ್ಯೂಟರಿಗೆ ಹೂ ಮುಡಿಸಿ ಬೇಕರಿ ಒತ್ತಿದೆ. ಇಲ್ಲ. ಮಿಲ್ಲು, ಇಲ್ಲ. ಲಾಡ್ಜು, ಇಲ್ಲ. ಮಂಟಪವೂ ಇಲ್ಲ!

ನಂಜುಂಡ ಇರುವೆ ಸಾಲು ಓದಿದ: "ಮೂವತ್ ದಿನ ಯಾರೂ ತೆರೀದಿದ್ರೆ ಅಳಿಸ್ಬುಡ್ತಾರಂತೆ ಕಣಣ್ಣ."

"ನಕಲು ಫ್ಲಾಪೀಲದೆ!" ಎಂದು ಮನೆಗೆ ಓಡಿದೆ. ನಾಲ್ಕೂ ಫ್ಲಾಪಿ ದೇವರ ಗೂಡಿನಲ್ಲಿದ್ದವು. ತಗಡು ಸರಿಸಿ ನೋಡಿದರೆ ಒಳಗಿನ ಕರಿ ಬಿಲ್ಲೆಯ ಮೇಲೆಲ್ಲ ಅರಿಶಿನ, ಕುಂಕುಮ.

"ಯಾರೇ ಬಳಿದಿದ್ದು?"

"ನೀವೇ ಕಣ್ರೀ!" ಎಂದಳು ಹೆಂಡತಿ ಸಾಕಮ್ಮ. "ಮೇಲ್ ಇಟ್ರೆ ಒಳೀಕ್ ಮುಟ್ಟಾಕಿಲ್ಲ ಅಂತ ಬೆಳಿಗ್ಗೆ ಪೂಜೇಲಿ ತಗಡು ಸರ್ಸಿ ಸರ್ಸಿ ಇಟ್ರಲ್ಲಾ!"

ಪುಡಿ ಮೆತ್ತಿದ ಬಿಲ್ಲೆಯನ್ನು ಯಾವ ಕಂಪ್ಯೂಟರೂ ಓದದು. ಬರಿಗೈಯಲ್ಲಿ ವಾಪಸ್ಸು ಹೋದೆ. ಯಜಮಾನರು ಎದ್ದು ನಿಂತಿದ್ದರು. "ಆಷಾಢದಲ್ಲೇ ಕೇಳಿದ್ನಲ್ಲಯ್ಯಾ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿ ಮೆಟ್ಟುತ್ತಾ ಅಂದರು: "ಓಗ್ಲಿ ಬುಡು. ಮಂಟಪದ ಬೋರ್ಡು ಮಾಸೋಗದೆ, ಅದ್ನಾರ ಬರ್ಕೊಡು."

ಈಗ ನನ್ನ ಬಳಿ ಇರುವುದು ಕುಂಚ ಐದು, ಕುಂಕುಮದ ಫ್ಲಾಪಿ ನಾಲ್ಕು, ವೆಬ್‌ಸೈಟು ಸೊನ್ನೆ. ಏಣಿ ಒಂದು, ಅದೂ ಭಾವಮೈದುನನಿಂದ ಎರವಲು ತಂದದ್ದು.