ಕಾಗದದ ಯುದ್ಧನೌಕೆಯ ನಕ್ಷೆಕಾರರಿಗೆ ಒಬ್ಬ ಹಲ್ಲಿನ ವೈದ್ಯೆಯ ದೂರು

ಮಾನ್ಯರೇ,

ಸಮುದ್ರದಿಂದ ಬಹುದೂರದಲ್ಲಿ, ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಹಲ್ಲಿನ ವೈದ್ಯೆಯಾಗಿರುವ ಶಾರದ ಎಂಬ ನಾನು ತಮಗೂ, ತಮ್ಮ ಕತ್ತರಿಗೂ, ಎಂದೂ ನಡುಗದ ತಮ್ಮ ಹತ್ತು ಬೆರಳುಗಳಿಗೂ ಪ್ರತ್ಯೇಕವಾಗಿ ನಮಸ್ಕಾರ ಸಲ್ಲಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಹಡಗು ಮುಗಿಯಿತು. ತಾವು ಯಾವ ದೇಶದವರೋ ನಾನರಿಯೆ. ತಮ್ಮ ಹೆಸರಿನಲ್ಲಿ ಸ್ವರಗಳಿಗಿಂತ ವ್ಯಂಜನಗಳೇ ಹೆಚ್ಚಿರುವುದರಿಂದ ಅದನ್ನು ಉಚ್ಚರಿಸುವ ಸಾಹಸಕ್ಕೂ ಹೋಗಿಲ್ಲ. ತಮಗೆ ಕನ್ನಡ ಬಾರದೆಂಬುದು ನನಗೆ ಗೊತ್ತಿದೆ. ಆದರೆ ತಮ್ಮ ಸೂಚನೆಗಳನ್ನು ನಾನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿಕೊಂಡು ಓದಿದವಳಾದ್ದರಿಂದ, ತಾವು ಈ ಪತ್ರವನ್ನು ಅದೇ ಯಂತ್ರದಿಂದ ತಮ್ಮ ಭಾಷೆಗೆ ತಿರುಗಿಸಿಕೊಂಡು ಓದುವುದೇ ತಮಗೆ ತಕ್ಕ ಶಿಕ್ಷೆಯೆಂದು ತೀರ್ಮಾನಿಸಿದ್ದೇನೆ.

ನಡೆದದ್ದನ್ನು ಮೊದಲಿನಿಂದಲೇ ನಿವೇದಿಸುತ್ತೇನೆ. ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ ನಾನು ಸ್ಕೂಟರಿನಿಂದ ಬಿದ್ದೆ. ಓಡಿಸುವಾಗ ಬಿದ್ದವರಿಗೆ ಒಂದು ಘನತೆಯಾದರೂ ಉಂಟು. ನಾನು ಕಾಫಿಪುಡಿ ಅಂಗಡಿಯ ಮುಂದೆ, ನಿಂತಿದ್ದ ಸ್ಕೂಟರಿಗೆ ಸ್ಟ್ಯಾಂಡ್ ಹಾಕಲು ಹೋಗಿ, ಅದು ವಾಲಿದಾಗ ಬೀಳದಿರಲೆಂದು ಪ್ರೀತಿಯಿಂದ ಅಪ್ಪಿಕೊಂಡು, ಅದರ ಜೊತೆಯಲ್ಲೇ ರಸ್ತೆಯಲ್ಲಿ ಮಲಗಿದೆ. ಬಲಗೈಯ ಮಣಿಕಟ್ಟು ಮುರಿಯಿತು. ಒಳಗೆ ಪ್ಲೇಟು ಕೂರಿಸಿದರು. ಕಟ್ಟು ಬಿಚ್ಚಿದ ಮೇಲೆ ನೋಡಿದರೆ ನನ್ನ ಹೆಬ್ಬೆರಳೂ ತೋರುಬೆರಳೂ ಮದುವೆ ಮನೆಯಲ್ಲಿ ಜಗಳವಾಡಿಕೊಂಡ ಬೀಗರ ಹಾಗೆ ಒಂದರ ಮುಖ ಒಂದು ನೋಡಲು ಒಲ್ಲದಾಗಿದ್ದವು. ಹಲ್ಲಿನ ವೈದ್ಯರ ವಿದ್ಯೆ ತಲೆಯಲ್ಲಿದೆಯೆಂದು ಜನ ನಂಬುತ್ತಾರೆ. ಅದು ಇರುವುದು ಆ ಎರಡು ಬೆರಳುಗಳ ಸ್ನೇಹದಲ್ಲಿ.

ದಟ್ಟಗಳ್ಳಿಯಲ್ಲಿ ಫಿಸಿಯೋಥೆರಪಿ ಕೇಂದ್ರ ನಡೆಸುವ ನಯನಾ ಎಂಬ ಸಮಾಧಾನದ ಹೆಣ್ಣುಮಗಳು ನನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಚಪಾತಿ ಹಿಟ್ಟು ನಾದಿ, ಸ್ಪಂಜು ಹಿಂಡಿ, ಕತ್ತರಿಯಿಂದ ಕಾಗದ ಕತ್ತರಿಸಿ, ಬೇಸರವಾದರೆ ಕಾಗದದ ದೋಣಿ ಮಾಡಿ’ ಎಂದರು. ಹಿಟ್ಟು, ಸ್ಪಂಜು, ಕತ್ತರಿಗಳನ್ನು ನಾನು ಸಹಿಸಿಕೊಂಡೆ. ದೋಣಿ ಎಂದದ್ದು ಮಾತ್ರ ನಾಟಿತು. ಊರಿನ ಅರ್ಧ ಬಾಯಿಗಳೊಳಗೆ ಕೆಲಸ ಮಾಡಿದ ಕೈಗೆ ಒಂದನೇ ಕ್ಲಾಸಿನ ದೋಣಿಯೇ ಎಂದು ಆಟೋದಲ್ಲಿ ಮನೆಗೆ ಬರುವವರೆಗೂ ಕುದಿದೆ. ಅಂದು ಸಂಜೆಯೇ ಅಂತರ್ಜಾಲವನ್ನು ಜಾಲಾಡಿದಾಗ, ಕಾಗದ ಕತ್ತರಿಸಿ ಅಂಟಿಸಿ ಕಟ್ಟುವ ತಮ್ಮ ಹಡಗಿನ ನಕ್ಷೆ ಸಿಕ್ಕಿತು. ಮೂರು ಹಾಯಿಕಂಬ, ಎರಡು ಅಂತಸ್ತಿನಲ್ಲಿ ಎಪ್ಪತ್ತನಾಲ್ಕು ಫಿರಂಗಿ, ಹಿಂಭಾಗದಲ್ಲಿ ಅರಮನೆಯ ಉಪ್ಪರಿಗೆಯಂಥ ಕಿಟಕಿಗಳ ಸಾಲು, ಜೇಡರ ಬಲೆಯನ್ನು ನಾಚಿಸುವಷ್ಟು ಹಗ್ಗ. ಕೆಳಗೆ ತಾವು, ‘ತಾಳ್ಮೆಯುಳ್ಳ ಹೊಸಬರಿಗೂ ಸಾಧ್ಯ’ ಎಂದು ಬರೆದಿದ್ದಿರಿ. ಕುರ್ಚಿಯ ಮೇಲೆ ಒದ್ದಾಡುವವರಿಗೆಲ್ಲ ತಾಳ್ಮೆ ತಾಳ್ಮೆ ಎಂದು ಹೇಳಿಕೊಂಡೇ ಬದುಕಿದವಳು ನಾನು. ಅದು ನನ್ನಲ್ಲಿ ದಂಡಿಯಾಗಿ ದಾಸ್ತಾನಿದೆಯೆಂದು ನಂಬಿದ್ದು ನನ್ನ ತಪ್ಪೇ ಹೊರತು ತಮ್ಮದಲ್ಲ.

ನನ್ನ ಯಜಮಾನರಾದ ಗೋವಿಂದರಾಜು ಅವರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವರು. ಯಂತ್ರದ ಕನ್ನಡದಲ್ಲಿದ್ದ ತಮ್ಮ ಸೂಚನೆಗಳನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸವನ್ನು ಅವರೇ ವಹಿಸಿಕೊಂಡರು. ‘ಹೊಟ್ಟೆಯ ಚರ್ಮವನ್ನು ಪಕ್ಕೆಲುಬುಗಳಿಗೆ ಎಳೆದು ಅಂಟಿಸಿ, ಒಣಗುವವರೆಗೆ ಉಸಿರಾಡಬೇಡಿ’ ಎಂದು ಅವರು ಓದಿದಾಗ ನಾನು ಉಸಿರು ಬಿಗಿಹಿಡಿದೇ ಕೂತಿದ್ದೆ. ‘ನೂರಾರು ಸತ್ತ ಕಣ್ಣುಗಳನ್ನು ಮಾಡಿಟ್ಟುಕೊಳ್ಳಿ, ಪ್ರತಿಯೊಂದಕ್ಕೂ ಮೂರು ತೂತು’ ಎಂದು ಓದಿದ ದಿನ ಅವರಿಗೆ ಊಟ ಸೇರಲಿಲ್ಲ. ಸತ್ತ ಕಣ್ಣೆಂದರೆ ಹಗ್ಗ ಬಿಗಿಯುವ ಪುಟ್ಟ ಬಿಲ್ಲೆಯೆಂದು ತಿಳಿಯುವಷ್ಟರಲ್ಲಿ, ನಮ್ಮ ಮನೆಯಲ್ಲಿ ಏನೋ ಮಾಟ ನಡೆದಿದೆಯೆಂದು ಪಕ್ಕದವರು ಕಿಟಕಿ ಮುಚ್ಚಿಕೊಳ್ಳಲಾರಂಭಿಸಿದ್ದರು. ಊಟದ ಮೇಜನ್ನು ಹಡಗು ಆಕ್ರಮಿಸಿತು. ನಾವಿಬ್ಬರೂ ನೆಲದ ಮೇಲೆ ತಟ್ಟೆಯಿಟ್ಟುಕೊಂಡು, ತಲೆಯೆತ್ತಿ ನೌಕಾಪಡೆಯನ್ನು ನೋಡುತ್ತ ಉಂಡೆವು.

ಮಾನ್ಯರೇ, ಆ ಹಡಗಿಗೆ ನಾನು ಏನನ್ನೂ ಕಡಿಮೆ ಮಾಡಲಿಲ್ಲ. ಬಾಯಿಯೊಳಗೆ ನೋಡುವ ಕನ್ನಡಿಯನ್ನು ಫಿರಂಗಿ ಕಿಂಡಿಯೊಳಗೆ ತೂರಿಸಿ ಅಂಟು ಹಿಡಿದಿದೆಯೇ ಎಂದು ಪರೀಕ್ಷಿಸಿದೆ. ಹಲ್ಲುಸಂದಿನ ಹುಳುಕು ಹುಡುಕುವ ಕೊಕ್ಕೆಯಿಂದ ಏಣಿಯ ಮೆಟ್ಟಿಲು ಕೂರಿಸಿದೆ. ಹಗ್ಗಕ್ಕೆ ತಾವು ಹೇಳಿದ ದಾರ ಇಲ್ಲಿ ಸಿಗದಿದ್ದರಿಂದ ಹಲ್ಲುಸಂದಿ ಶುಚಿಮಾಡುವ ಮೇಣದ ದಾರವನ್ನೇ ಕಟ್ಟಿದೆ. ಸಾಗರಯುದ್ಧಗಳ ಇಡೀ ಚರಿತ್ರೆಯಲ್ಲಿ ಪುದೀನಾ ಘಮ ಬೀರುವ ಹಡಗು ಇದೊಂದೇ ಇರಬೇಕು. ಸೂಜಿಗೆ ಕಾಗದ ಸುತ್ತಿ ಫಿರಂಗಿ ಮಾಡುವುದರಲ್ಲಿ ಮಾತ್ರ ನನ್ನ ಎರಡು ಬೆರಳುಗಳು ರಾಜಿಯಾಗಲಿಲ್ಲ. ಮೊದಲ ಫಿರಂಗಿ ಬೀಡಿಯಂತಾಯಿತು. ಎರಡನೆಯದು ಸೇದಿ ಎಸೆದ ಬೀಡಿಯಂತಾಯಿತು.

ಈ ನಡುವೆ ಕ್ಲಿನಿಕ್ಕನ್ನು ನೋಡಿಕೊಳ್ಳುತ್ತಿದ್ದವರು ಸಿದ್ದೇಶ್, ಕೆಲವು ವರ್ಷಗಳಿಂದ ನನ್ನ ಜೊತೆಗಿರುವ ಕಿರಿಯ ವೈದ್ಯರು. ರೋಗಿಗಳು ಫೋನು ಮಾಡಿ ಕೇಳಿದಾಗಲೆಲ್ಲ ನಾನು ಮುಂದಿನ ವಾರ ಬಂದುಬಿಡುತ್ತೇನೆ ಎನ್ನುತ್ತಿದ್ದೆ. ಯುಗಾದಿಯಾಯಿತು, ಬೇಸಿಗೆ ಕಳೆಯಿತು, ನನ್ನ ಮುಂದಿನ ವಾರ ಬರಲಿಲ್ಲ. ಕೈ ಹೇಗಿದೆ ಎಂದು ಸಿದ್ದೇಶ್ ಕೇಳಿದರೆ ಹಡಗಿನ ಫೋಟೋ ಕಳಿಸುತ್ತಿದ್ದೆ, ಚೆನ್ನಾಗಿ ಬಂದಿರುವ ಕಡೆಯದು.

ಆಷಾಢದ ಗಾಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಒಂದು ಮಧ್ಯಾಹ್ನ ಹಡಗಿನ ಮೇಲಿನ ಅಟ್ಟವನ್ನು ಅಂಟಿಸಿ ಒತ್ತುತ್ತಿದ್ದೆ. ಪಟ್ಟೆಂದಿತು. ನೋಡಿದರೆ ನನ್ನ ಹೆಬ್ಬೆರಳು ಅಟ್ಟವನ್ನು ಸೀಳಿಕೊಂಡು ಹಡಗಿನೊಳಗೆ ಇಳಿದಿತ್ತು. ಹರಿದದ್ದು ನನಗೆ ಕಿವಿಯಿಂದ ತಿಳಿಯಿತೇ ಹೊರತು ಬೆರಳಿನಿಂದಲ್ಲ. ಎಷ್ಟು ಒತ್ತುತ್ತಿದ್ದೇನೆಂಬುದು ಬೆರಳಿಗೆ ಗೊತ್ತೇ ಇರಲಿಲ್ಲ. ಕಾಗದದ ಜಾಗದಲ್ಲಿ ಒಬ್ಬರ ದವಡೆಯಿದ್ದಿದ್ದರೆ ಎಂಬ ಯೋಚನೆ ಬಂದು, ನಾನು ಬೆರಳನ್ನು ಹೊರಗೆ ತೆಗೆಯಲೂ ತೋಚದೆ ಹಾಗೆಯೇ ಕೂತೆ.

ಆಮೇಲೆ ಏನು ಮಾಡಿದೆನೆಂದರೆ, ವಿದ್ಯಾವಂತರು ಮಾಡುವುದನ್ನೇ ಮಾಡಿದೆ. ತೂತಿನ ಮೇಲೆ ಒಂದು ತುಂಡು ಅಂಟಿಸಿ, ಅದರ ಮೇಲೆ ನಕ್ಷೆಯಲ್ಲಿಲ್ಲದ ಒಂದು ಉಗ್ರಾಣದ ಬಾಗಿಲನ್ನು ಕೂರಿಸಿ, ಕಾಗದ ಕಳಪೆಯೆಂದು ಯಜಮಾನರಿಗೆ ಹೇಳಿ, ತಾವು ಸೂಚಿಸಿದ ಕಾಗದದ ದಪ್ಪವೇ ತಪ್ಪೆಂದು ತಮಗೊಂದು ಖಾರವಾದ ಮಿಂಚಂಚೆ ಕಳಿಸಿದೆ. ಯಜಮಾನರು ಹೋಗಿ ಇನ್ನಷ್ಟು ದಪ್ಪ ಕಾಗದ ತಂದಿಟ್ಟರು. ತಾವು ಮರುದಿನವೇ ಉತ್ತರಿಸಿದಿರಿ. ‘ತಮ್ಮ ಅಸಮಾಧಾನಕ್ಕೆ ವಿಷಾದಿಸುತ್ತೇನೆ, ಸ್ವಲ್ಪ ಹಗುರವಾಗಿ ಒತ್ತಿ ನೋಡಿ, ಕೈಗೆ ಅಭ್ಯಾಸವಾಗಲಿ’ ಎಂದಿರಿ. ಮಾನ್ಯರೇ, ನನ್ನ ಮುಖ್ಯ ದೂರು ಇದೇ. ಸುಳ್ಳು ದೂರಿಗೆ ಅಷ್ಟೊಂದು ಸೌಜನ್ಯದ, ಅಷ್ಟೊಂದು ಸರಿಯಾದ ಉತ್ತರ ಕೊಡುವ ಅಧಿಕಾರ ತಮಗೆ ಯಾರು ಕೊಟ್ಟರು? ತಾವು ಒಂದು ಮಾತು ಬೈದಿದ್ದರೆ ಜಗಳವಾಡಿಕೊಂಡು ಇನ್ನೆರಡು ತಿಂಗಳು ನೆಮ್ಮದಿಯಾಗಿರುತ್ತಿದ್ದೆ.

ಶ್ರಾವಣ ಹುಟ್ಟಿದ ಮೇಲೆ ಪುಟ್ಟಮಾದಯ್ಯನವರು ಮನೆಗೇ ಬಂದರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು, ನನ್ನ ಹಳೆಯ ರೋಗಿ. ತಲೆಗೂ ಗದ್ದಕ್ಕೂ ಟವೆಲು ಸುತ್ತಿಕೊಂಡಿದ್ದರು. ಒಂದು ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಮೇಜಿನ ಮೇಲಿನ ಹಡಗನ್ನು ನೋಡಿ, ಅಷ್ಟು ನೋವಿನಲ್ಲೂ, ಇದರ ತೂಕವೆಷ್ಟು ಎಂದು ವಿಚಾರಿಸಿದರು. ನಾನು ಗ್ರಾಮುಗಳಲ್ಲಿ ಹೇಳಿದೆ. ಅವರು ಟನ್ನುಗಳೆಂದು ತಿಳಿದು ಗೌರವದಿಂದ ತಲೆಯಾಡಿಸಿದರು. ಹುಳುಕು ಹಲ್ಲನ್ನು ತೆಗೆಸಿಬಿಡಿ ಎಂದು ಸಿದ್ದೇಶ್ ಅವರಿಗೆ ಬೇಸಿಗೆಯಲ್ಲೇ ಹೇಳಿದ್ದರಂತೆ. ಮಾತ್ರೆ ನುಂಗಿಕೊಂಡು ತಳ್ಳುತ್ತ ಬಂದದ್ದೇಕೆಂದು ಕೇಳಿದೆ.

“ಸಿದ್ದೇಶಪ್ಪೋರು ಒಳ್ಳೇವ್ರೇ ಕಣಮ್ಮ. ಆದ್ರೂ ನೀವು ಮುಂದಿನ್ ವಾರ ಬತ್ತೀನಿ ಅಂದಿದ್ರಲ್ಲ, ನಿಮ್ ಕೈಲೇ ಆಗ್ಬುಡ್ಲಿ ಅಂತ ಕಾಯ್ಕೊಂಡ್ ಕುಂತಿದ್ದೆ,” ಎಂದರು.

ನನ್ನ ಮುಂದಿನ ವಾರವು ಒಬ್ಬರ ಕೆನ್ನೆಯಲ್ಲಿ ಕೀವಾಗಿ ಕೂತಿರುವುದನ್ನು ನೋಡಿದ ಮೇಲೂ ನನ್ನ ಜಂಬ ಇಳಿಯಲಿಲ್ಲವೆಂಬುದನ್ನು ತಮಗೆ ನಾಚಿಕೆಯಿಂದ ತಿಳಿಸುತ್ತೇನೆ. ಬನ್ನಿ ಎಂದು ಅವರನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಊತವನ್ನು ನೋಡಿದ ಸಿದ್ದೇಶ್ ಕೀವು ಹೊರಬಿಟ್ಟು ಔಷಧ ಕೊಟ್ಟು, ಊತ ಇಳಿದ ಮೇಲೆ ಹಲ್ಲು ತೆಗೆಯೋಣವೆಂದರು. ಆ ದಿನ ಬಂದಾಗ, ನಾನೇ ತೆಗೆಯುತ್ತೇನೆ ಎಂದೆ. ಸಿದ್ದೇಶ್ ನನ್ನ ಕೈಯನ್ನೊಮ್ಮೆ ನೋಡಿದರು, ಮುಖವನ್ನೊಮ್ಮೆ ನೋಡಿದರು, ಪಕ್ಕದಲ್ಲಿ ನಿಂತರು. ಮರಗಟ್ಟಿಸುವ ಇಂಜೆಕ್ಷನನ್ನು ಅವರೇ ಕೊಟ್ಟರು. ನಾನು ಗ್ಲೌಸು ಹಾಕಿಕೊಂಡು, ಇಕ್ಕಳ ಹಿಡಿದು, ಹಲ್ಲಿಗೆ ಕೂರಿಸಿದೆ. ಕೂರಿಸಿದೆನೇ, ಒತ್ತಿದೆನೇ, ಪಕ್ಕದ ಹಲ್ಲಿಗೆ ತಾಗಿದೆನೇ, ಒಂದೂ ನನಗೆ ತಿಳಿಯಲಿಲ್ಲ. ಪುಟ್ಟಮಾದಯ್ಯನವರು ನಂಬಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದರು. ನಾನು ಇಕ್ಕಳವನ್ನು ತಟ್ಟೆಯಲ್ಲಿಟ್ಟೆ.

“ಸಿದ್ದೇಶ್, ನೀವು ತೆಗೀರಿ. ಎಷ್ಟು ಒತ್ತುತಾ ಇದೀನಿ ಅಂತ ನನಗೆ ಗೊತ್ತಾಗ್ತಿಲ್ಲ.”

ತಿಂಗಳುಗಟ್ಟಲೆ ಹೇಳದೆ ಇಟ್ಟುಕೊಂಡಿದ್ದ ಮಾತು ಅಷ್ಟೇ ಇತ್ತು. ಹೇಳಿದ ಮೇಲೆ ಛಾವಣಿಯೇನೂ ಬೀಳಲಿಲ್ಲ. ಬಾಯಿ ತೆರೆದುಕೊಂಡಿದ್ದ ಪುಟ್ಟಮಾದಯ್ಯನವರು ಮಾತಾಡಲಾರದೆ, ಕುರ್ಚಿಯಿಂದ ಕೈ ಚಾಚಿ ನನ್ನ ಬಲಗೈಯನ್ನೇ ಹಿಡಿದುಕೊಂಡರು. ಧೈರ್ಯ ಬೇಕಾದದ್ದು ಅವರಿಗೋ ನನಗೋ ತಿಳಿಯದೆ ನಾನೂ ಹಿಡಿದುಕೊಂಡೆ. ಸಿದ್ದೇಶ್ ಸದ್ದಿಲ್ಲದೆ ಹಲ್ಲು ತೆಗೆದು, ಹತ್ತಿಯಿಟ್ಟು ಮುಗಿಸಿದರು. ಪುಟ್ಟಮಾದಯ್ಯನವರು ಎದ್ದು ಕೂತು, ಕೆಂಪಗೆ ಗುರುತು ಬಿದ್ದಿದ್ದ ತಮ್ಮ ಬೆರಳುಗಳನ್ನು ನೀವಿಕೊಂಡು, ಹತ್ತಿಯ ಸಂದಿನಿಂದಲೇ, “ಹಲ್ಲಿಗಿಂತ ಕೈಯೇ ಜಾಸ್ತಿ ನೋಯ್ತದೆ ಕಣಮ್ಮ,” ಎಂದರು.

ಮಾರನೆಯ ದಿನ ದಟ್ಟಗಳ್ಳಿಗೆ ಹೋಗಿ ನಯನಾ ಅವರಿಗೆ ಎಲ್ಲವನ್ನೂ ಹೇಳಿದೆ, ಅಟ್ಟದ ತೂತನ್ನೂ ಸೇರಿಸಿ. ಅವರು ಬೆರಳುಗಳ ತುದಿಯನ್ನು ಹತ್ತಿಯಿಂದಲೂ ಪಿನ್ನಿನಿಂದಲೂ ಮುಟ್ಟಿ ಪರೀಕ್ಷಿಸಿ ನೋಡಿ, ಮುಚ್ಚುಮರೆಯಿಲ್ಲದೆ ಹೇಳಿದರು: “ಬಲ ಬರುತ್ತೆ ಮೇಡಂ. ಹದ ಪೂರ್ತಿ ಬರುತ್ತೋ ಇಲ್ವೋ, ಅದನ್ನ ಈಗ್ಲೇ ಹೇಳಕ್ಕಾಗಲ್ಲ.” ಆಟೋ ಹತ್ತುವ ಮುಂಚೆ ರಸ್ತೆಬದಿಯಲ್ಲಿ ನಿಂತು ಸ್ವಲ್ಪ ಅತ್ತೆ. ಮನೆಗೆ ಬಂದು ಯಜಮಾನರಿಗೂ ಹೇಳಿದೆ. ಉಗ್ರಾಣದ ಬಾಗಿಲು ನಕ್ಷೆಯಲ್ಲಿ ಇರಲಿಲ್ಲವೆಂಬುದು ತಮ್ಮ ಸೂಚನೆಗಳನ್ನೆಲ್ಲ ಓದಿದ್ದ ಅವರಿಗೆ ಅವತ್ತೇ ಗೊತ್ತಿತ್ತಂತೆ. ನೀನಾಗಿ ಹೇಳುತ್ತೀಯೆಂದು ಕಾದೆ ಎಂದರು.

ಈಗ ಕ್ಲಿನಿಕ್ಕಿನ ಬೋರ್ಡಿನಲ್ಲಿ ಸಿದ್ದೇಶ್ ಅವರ ಹೆಸರೂ ಇದೆ. ಕೀಳುವುದು, ಕೊರೆಯುವುದು ಅವರ ಪಾಲು. ಬಾಯಿ ನೋಡಿ ಬುದ್ಧಿ ಹೇಳುವುದು ನನ್ನ ಪಾಲು. ಎರಡನೆಯದರಲ್ಲಿ ನನಗೆ ಮೊದಲಿನಿಂದಲೂ ಹೆಚ್ಚು ಪ್ರತಿಭೆಯಿತ್ತೆಂದು ಮನೆಯವರ ಅಭಿಪ್ರಾಯ. ಉಳಿದ ಫಿರಂಗಿಗಳನ್ನು ಯಾರ ಮುಂದೂ ಏನನ್ನೂ ಸಾಧಿಸುವ ಹಟವಿಲ್ಲದೆ ಸುತ್ತಿದೆ. ಅವು ಸುಮಾರಾಗಿ ಬಂದವು.

ಹೀಗಿರಲು, ತಮ್ಮಲ್ಲಿ ನನ್ನ ಬೇಡಿಕೆಗಳು ಅತ್ಯಲ್ಪ. ನನ್ನ ಮೂರು ಹಾಯಿಕಂಬಗಳೂ ಮೂರು ದಿಕ್ಕಿಗೆ ವಾಲಿರುವುದರಿಂದ, ಈ ಹಡಗು ಯಾವುದಾದರೊಂದು ಬಿರುಗಾಳಿಗೆ ಸಿಕ್ಕಿ ಹೀಗೆಯೇ ಬಂದರಿಗೆ ಮರಳಿತ್ತೆಂದು ಚರಿತ್ರೆಯನ್ನು ತುಸು ತಿದ್ದಿಕೊಡಬೇಕು. ಒಳಗೆ ಬಿದ್ದುಹೋಗಿ ಎತ್ತಿದಾಗಲೆಲ್ಲ ಗಲಗಲ ಎನ್ನುವ ಮೂರು ಫಿರಂಗಿಗಳನ್ನು ಹುಡುಕಿ ತರಲು, ಕಿಂಡಿಯೊಳಗೆ ನುಸುಳಬಲ್ಲ ಇರುವೆ ಗಾತ್ರದ ಒಬ್ಬ ನಾವಿಕನನ್ನು ಅಂಚೆಯಲ್ಲಿ ಕಳಿಸಬೇಕು. ಊಟ ವಸತಿ ನಮ್ಮದು. ಇವೆರಡೂ ಆಗದಿದ್ದಲ್ಲಿ, ನಾನು ಕಳಿಸಿದ ಆ ಖಾರದ ಮಿಂಚಂಚೆಯನ್ನಾದರೂ, ಅದನ್ನು ಬರೆದವಳು ಬೇರೆಯೊಬ್ಬಳೆಂದು ತಿಳಿದು, ದಯವಿಟ್ಟು ಅಳಿಸಿಹಾಕಬೇಕು.

ಪುದೀನಾ ಘಮದ ಹಗ್ಗ ಹಿಡಿದು ನಿಂತಿರುವ, ಕಾಗದವನ್ನು ಈಚೆಗೆ ಹಗುರವಾಗಿ ಒತ್ತುತ್ತಿರುವ,

ತಮ್ಮ ವಿಶ್ವಾಸಿ,
ಡಾ. ಶಾರದ
ಕೃಷ್ಣಮೂರ್ತಿಪುರಂ, ಮೈಸೂರು

ತಾ.ಕ.: ನಕ್ಷೆಯ ಕೊನೆಯ ಪುಟದಲ್ಲಿ, ಮುಗಿದ ಹಡಗನ್ನು ಎತ್ತಿಹಿಡಿದು ತಾವು ಬಾಯಗಲಿಸಿ ನಗುತ್ತಿರುವ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಡಗಿನಲ್ಲಿ ಒಂದು ದೋಷವೂ ಕಾಣಲಿಲ್ಲ. ತಮ್ಮ ಕೆಳದವಡೆಯ ಎಡಗಡೆ, ಹಿಂದಿನಿಂದ ಎರಡನೆಯ ಹಲ್ಲು ಮಾತ್ರ ಉಳಿಯುವುದಿಲ್ಲ. ಮೈಸೂರಿಗೆ ಬನ್ನಿ. ಸಿದ್ದೇಶ್ ತೆಗೆಯುತ್ತಾರೆ, ನಾನು ತಮ್ಮ ಕೈ ಹಿಡಿದುಕೊಂಡು ನಿಲ್ಲುತ್ತೇನೆ. ಹೇಗೆ ಹಿಡಿಯುತ್ತೇನೆಂಬುದನ್ನು ಪುಟ್ಟಮಾದಯ್ಯನವರಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಕ್ಷೇಮ.